ಡ್ರಾಕುಲಾ ಕೂಡ ಇಂಗ್ಲಿಷ್ ಕಲಿತವನೇ

ಹತ್ತನೇ ತರಗತಿಯವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ದಖನಿ, ಶಾಲೆಯಲ್ಲೂ ಬೀದಿಯಲ್ಲೂ ಕನ್ನಡ, ಸಂಜೆ ಮದರಸಾದಲ್ಲಿ ಅರಬ್ಬಿ ಅಕ್ಷರ. ಇಂಗ್ಲಿಷ್ ಎಂಬುದು ಟೈಂಟೇಬಲ್‌ನಲ್ಲಿ ಬಂದು ಹೋಗುವ ಒಂದು ಪೀರಿಯಡ್ ಅಷ್ಟೇ ಆಗಿತ್ತು. ನಮ್ಮ ಕಾಲೇಜಿನಲ್ಲಿ ನನ್ನಂತೆ ಕನ್ನಡ ಮಾಧ್ಯಮದಿಂದಲೋ ಉರ್ದು ಮಾಧ್ಯಮದಿಂದಲೋ ಬಂದವರು ಕಡಿಮೆಯೇನಿಲ್ಲ. ನಮ್ಮನ್ನು ಗುರುತಿಸುವುದು ಸುಲಭ. ಕೊನೆಯ ಬೆಂಚಿನಲ್ಲಿ ಕೂರುವಷ್ಟು ಧೈರ್ಯ ನಮಗಿಲ್ಲ, ಮೊದಲ ಬೆಂಚಂತೂ ದೂರದ ಮಾತು. ನಡುವಿನ ಬೆಂಚಿನಲ್ಲಿ ಕೂತು, ಪ್ರಶ್ನೆ ಬಂದ ಕೂಡಲೇ ಪುಸ್ತಕದಲ್ಲಿ ಏನೋ ಹುಡುಕುವವರಂತೆ ತಲೆ ತಗ್ಗಿಸುತ್ತೇವೆ.

ಈ ವರ್ಷ ಇಂಗ್ಲಿಷ್ ಮೇಡಂ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಲೈಬ್ರರಿಯಿಂದ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ತೆಗೆದುಕೊಂಡು, ಪೂರ್ತಿ ಓದಿ, ಕ್ಲಾಸಿನ ಮುಂದೆ ಹತ್ತು ನಿಮಿಷ ಮಾತನಾಡಬೇಕು. ಇಂಗ್ಲಿಷ್‌ನಲ್ಲೇ. ನಾನು ಆರಿಸಿಕೊಂಡದ್ದು ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’. ಕಾರಣ ದೊಡ್ಡದೇನಲ್ಲ, ಆ ಕಪಾಟಿನಲ್ಲಿದ್ದ ಪುಸ್ತಕಗಳಲ್ಲಿ ಅದೇ ತೆಳ್ಳಗಿತ್ತು. ದೆವ್ವದ ಕಥೆ ಎಂದರೆ ನನಗೆ ಇಷ್ಟ ಕೂಡ. ಹಿಂದೆ ಬೆಂಗಳೂರಿನ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದರಂತೆ. ಆ ಕಥೆಯನ್ನು ಅಮ್ಮಿಯ ಬಾಯಲ್ಲಿ ಎಷ್ಟು ಸಲ ಕೇಳಿದರೂ ನನಗೆ ಬೇಸರವಾಗಿಲ್ಲ.

ಪುಸ್ತಕ ತೆಳ್ಳಗಿತ್ತು, ಪದಗಳು ತೆಳ್ಳಗಿರಲಿಲ್ಲ. ಇಂಥ ಪುಸ್ತಕಗಳನ್ನು ಗಾಥಿಕ್ ಸಾಹಿತ್ಯ ಎನ್ನುತ್ತಾರೆ. ಪಾಳು ಕೋಟೆ, ನೆಲಮಾಳಿಗೆ, ಸಮಾಧಿ, ಬಿರುಗಾಳಿ, ಹಳೆಯ ಮನೆತನದ ಶಾಪ ಇವೆಲ್ಲ ಅದರ ಸಾಮಾನು. ಹೊರೇಸ್ ವಾಲ್ಪೋಲ್ ಎಂಬಾತ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಪ್ರಕಟಿಸಿ, ಮರುವರ್ಷದ ಎರಡನೇ ಮುದ್ರಣಕ್ಕೆ ‘ಗಾಥಿಕ್ ಕಥೆ’ ಎಂದು ಉಪಶೀರ್ಷಿಕೆ ಕೊಟ್ಟ. ಅಲ್ಲಿಂದ ಈ ಹೆಸರು ನಿಂತಿತು. ಆದರೆ ಗಾಥಿಕ್ ಎಂಬುದು ಮೊದಲು ಒಂದು ಬೈಗುಳ. ಮಧ್ಯಯುಗದ ಚೂಪು ಕಮಾನುಗಳ ಕಟ್ಟಡಗಳನ್ನು ಕಂಡು ಮೂಗು ಮುರಿದ ಇಟಲಿಯ ವಿದ್ವಾಂಸರು, ಇವು ಗಾಥ್ ಎಂಬ ಅನಾಗರಿಕ ಬುಡಕಟ್ಟಿನವರ ಶೈಲಿ ಎಂದು ಹೀಯಾಳಿಸಿದ್ದರು. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾ ನೋಡಿದವರಿಗೆ ಆ ಕಮಾನು ಗೊತ್ತು. ಲಂಡನ್ನಿನ ಪ್ರಸಿದ್ಧ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್, ಇದನ್ನು ಗಾಥಿಕ್ ಎನ್ನುವುದಕ್ಕಿಂತ ಸಾರಸೆನ್ ಶೈಲಿ, ಅಂದರೆ ಅರಬ್ ಮುಸ್ಲಿಮರ ಶೈಲಿ ಎನ್ನುವುದು ಸರಿ ಎಂದು 1713ರಲ್ಲೇ ಬರೆದಿದ್ದ. ಇದನ್ನು ಓದಿದ ದಿನ ನನಗೆ ಸ್ವಲ್ಪ ಜಂಭ ಬಂದದ್ದು ನಿಜ.

ಮೊದಲ ವಾರ ಪ್ರತಿ ಪದಕ್ಕೂ ಮೊಬೈಲ್ ತೆಗೆದು ಅರ್ಥ ನೋಡುತ್ತಿದ್ದೆ. ಒಂದು ಪುಟಕ್ಕೆ ಅರ್ಧ ಗಂಟೆ. ಪುಟ ಮುಗಿಯುವ ಹೊತ್ತಿಗೆ ಕಥೆ ಎಲ್ಲಿತ್ತು ಎನ್ನುವುದೇ ಮರೆತುಹೋಗುತ್ತಿತ್ತು. ಆಗ ಮೇಡಂ ಹೇಳಿದ ಉಪಾಯ ಇದು: ಮೊದಲ ಸಲ ಎದುರಾದ ಪದವನ್ನು ಬಿಟ್ಟುಬಿಡು, ಎರಡನೇ ಸಲ ಬಂದರೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡು, ಮೂರನೇ ಸಲ ಬಂದರೆ ಮಾತ್ರ ನಿಘಂಟು ತೆಗೆ. ಮೂರು ಸಲ ಬಂದ ಪದಕ್ಕೆ ನಿನ್ನ ಹತ್ತಿರ ಏನೋ ಕೆಲಸವಿದೆ ಅಂತ ಅರ್ಥ ಎಂದರು. (ಲೈಬ್ರರಿ ಪುಸ್ತಕವಾದ್ದರಿಂದ ಚುಕ್ಕಿಗಳನ್ನು ನಾನು ಒಂದು ಚೀಟಿಯಲ್ಲಿ ಇಟ್ಟೆ. ಲೈಬ್ರರಿಯನ್ ಸರ್ ಇದನ್ನು ಓದುತ್ತಾರೆ ಎಂದು ಗೊತ್ತು.)

ಈ ಉಪಾಯದಿಂದ ಒಂದು ವಿಷಯ ಗೊತ್ತಾಯಿತು. ಗಾಥಿಕ್ ಬರಹಗಾರರ ಪದಗಳು ಕಷ್ಟವೇ ಹೊರತು ಅಪಾರವಲ್ಲ. ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ. ಮುಖಕ್ಕೆ ಫೇಸ್ ಎನ್ನದೆ ಕೌಂಟನೆನ್ಸ್ ಎನ್ನುತ್ತಾರೆ, ಗೋರಿಗೆ ಸೆಪಲ್ಕರ್, ಅಸಹ್ಯಪಡುವುದಕ್ಕೆ ಅಬ್ಹಾರ್. ನೂರು ನೂರೈವತ್ತು ಪದ ಕೈವಶವಾದರೆ ಉಳಿದ ಪುಟಗಳು ತಾವಾಗಿಯೇ ಸರಿಯುತ್ತವೆ. ನಾನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಹಾಕಿಕೊಂಡೆ: ಇಂಗ್ಲಿಷ್, ಕನ್ನಡ, ಉರ್ದು. ಮೂರೂ ಕಾಲಂ ತುಂಬಿದ ಪದ ಮರೆಯುವುದಿಲ್ಲ ಎನ್ನುವುದು ನನ್ನ ಅನುಭವ. ಎರಡು ತುಂಬಿದ್ದು ಪರೀಕ್ಷೆಯವರೆಗೆ ನೆನಪಿರುತ್ತದೆ. ಒಂದೇ ತುಂಬಿದ್ದು ಸಂಜೆಗೇ ಹೋಗುತ್ತದೆ.

‘ರೆಚ್’ ಎಂಬ ಪದದ ಕಥೆ ಹೇಳಲೇಬೇಕು. ಬರೆಯುವಾಗ ಮೊದಲು ಡಬ್ಲ್ಯೂ ಇದೆ, ಓದುವಾಗ ಇಲ್ಲ. ಬರೆದಂತೆ ಓದುವ ಕನ್ನಡದವರಿಗೆ ಇದು ಮೊದಲ ಪೆಟ್ಟು. ವಿಕ್ಟರ್ ಫ್ರಾಂಕೆನ್‌ಸ್ಟೈನ್ ತಾನೇ ಜೀವ ಕೊಟ್ಟು ಎಬ್ಬಿಸಿದ ಆ ಜೀವಿಯನ್ನು ಕರೆಯುವುದು ಹೀಗೆ. ಅದಕ್ಕೆ ಅವನು ಒಂದು ಹೆಸರನ್ನೂ ಇಡುವುದಿಲ್ಲ. ನಿಘಂಟಿನಲ್ಲಿ ಎರಡು ಅರ್ಥಗಳಿದ್ದವು: ಒಂದು, ನೀಚ; ಇನ್ನೊಂದು, ದುರ್ದೈವಿ. ಒಂದೇ ಪದಕ್ಕೆ ಬೈಗುಳವೂ ಕನಿಕರವೂ ಹೇಗೆ ಒಟ್ಟಿಗೆ ಅರ್ಥವಾದೀತು? ಕನ್ನಡದ ಕಾಲಂನಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತಿದ್ದಾಗ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ನಾನಿ ಅಲ್ಲಿಂದಲೇ ‘ಕಂಬಖ್ತ್!’ ಎಂದು ಹಾಲಿಗೆ ಬೈದರು. ಕಮ್ ಎಂದರೆ ಕಡಿಮೆ, ಬಖ್ತ್ ಎಂದರೆ ಅದೃಷ್ಟ. ಅದೃಷ್ಟ ಕಡಿಮೆ ಇರುವವನು, ಅಂದರೆ ನತದೃಷ್ಟ. ಆದರೆ ನಾವು ಅದನ್ನು ಬಳಸುವುದು ಬೈಯಲು. ಅದೇ ಪದ! ಉರ್ದು ಕಾಲಂ ತುಂಬಿತು. ಆಮೇಲೆ ಕನ್ನಡವೂ ತಾನಾಗಿ ಬಂತು. ‘ಪಾಪಿ’ ಎಂದರೆ ಬೈಗುಳ, ‘ಪಾಪ’ ಎಂದರೆ ಅಯ್ಯೋ ಎನ್ನುವ ಕನಿಕರ. ಎರಡಕ್ಕೂ ಬೇರು ಒಂದೇ.

ಆ ದಿನದಿಂದ ಪುಸ್ತಕವನ್ನು ಓದುವ ರೀತಿಯೇ ಬದಲಾಯಿತು. ವಿಕ್ಟರ್ ಆ ಜೀವಿಯನ್ನು ರೆಚ್ ಎಂದಾಗಲೆಲ್ಲ ಅವನಿಗೆ ಪಾಪಿ ಎಂಬ ಅರ್ಧ ಮಾತ್ರ ಕೇಳಿಸುತ್ತದೆ, ಓದುವ ನಮಗೆ ಪಾಪ ಎಂಬ ಅರ್ಧವೂ ಕೇಳಿಸುತ್ತದೆ. ಇಡೀ ಕಾದಂಬರಿಯ ಜಗಳ ಈ ಒಂದು ಪದದೊಳಗೆ ಇದೆ ಎಂದು ನನಗೆ ಅನಿಸುತ್ತದೆ.

ನಾನಿಯಿಂದ ಸಿಕ್ಕ ಇನ್ನೊಂದು ಪದ ‘ಮೆಲಂಕಲಿ’. ಗಾಥಿಕ್ ಪುಸ್ತಕಗಳಲ್ಲಿ ಇದಿಲ್ಲದ ಅಧ್ಯಾಯವಿಲ್ಲ. ಕನ್ನಡದಲ್ಲಿ ವಿಷಣ್ಣತೆ, ವಿಷಾದ ಎಂದೆಲ್ಲ ಬರೆದುಕೊಂಡಿದ್ದೆ. ನಾನಿಯ ಮಂಡಿನೋವಿಗೆ ನಾವು ಹೋಗುವುದು ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಗೆ. ವಿಜಯನಗರದಿಂದ ಬಸ್ಸಿನಲ್ಲಿ ಹೋಗುವಾಗ ನಾನಿ ತಮ್ಮ ಮಿಜಾಜು ಬಲ್ಗಮಿ ಎಂದು ಹಕೀಮರು ಹೇಳಿದ್ದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಬಲ್ಗಮ್ ಎಂದರೆ ನಮ್ಮ ಮನೆಯಲ್ಲಿ ಕಫ. ಅದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ ಎಂದು ವಿಚಾರಿಸಿದಾಗ ಯುನಾನಿಯ ನಾಲ್ಕು ದ್ರವಗಳ ಲೆಕ್ಕ ತಿಳಿಯಿತು: ದಮ್ ಅಂದರೆ ರಕ್ತ, ಬಲ್ಗಮ್ ಅಂದರೆ ಕಫ, ಸಫ್ರಾ ಅಂದರೆ ಹಳದಿ ಪಿತ್ತ, ಸೌದಾ ಅಂದರೆ ಕಪ್ಪು ಪಿತ್ತ. ಇವುಗಳಲ್ಲಿ ಯಾವುದು ಹೆಚ್ಚೋ ಅದರಂತೆ ಮನುಷ್ಯನ ಸ್ವಭಾವ. ಸೌದಾ ಹೆಚ್ಚಾದರೆ ಮನಸ್ಸು ಕಪ್ಪಾಗುತ್ತದೆ, ಒಂಟಿತನ, ಚಿಂತೆ, ಹುಚ್ಚು.

ಮನೆಗೆ ಬಂದು ನಿಘಂಟಿನಲ್ಲಿ ಮೆಲಂಕಲಿಯ ಮೂಲ ನೋಡಿದೆ. ಗ್ರೀಕಿನಲ್ಲಿ ಮೆಲಾಸ್ ಎಂದರೆ ಕಪ್ಪು, ಖೋಲೆ ಎಂದರೆ ಪಿತ್ತ. ಕಪ್ಪು ಪಿತ್ತ! ನಮ್ಮ ಸೌದಾ! ಯುನಾನಿ ಎಂಬ ಪದದ ಅರ್ಥವೇ ಗ್ರೀಕ್ ದೇಶದ್ದು ಎಂದು. ಹಿಪೊಕ್ರೆಟಿಸ್, ಗೇಲೆನ್ ಹೇಳಿದ್ದನ್ನು ಅರಬ್ಬಿಗೆ ತಂದು, ಇಬ್ನ್ ಸೀನಾರಂಥವರು ಬೆಳೆಸಿ, ಅದು ಲ್ಯಾಟಿನ್‌ಗೆ ಹೋಗಿ, ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನೇ ಪಾಠವಾಗಿ ಓದಿದರು. ಹಾಗಾಗಿ ಇಂಗ್ಲಿಷ್ ಕಾದಂಬರಿಗಳಲ್ಲಿ ಜನರ ಸ್ವಭಾವ ಹೇಳುವ ಸ್ಯಾಂಗ್ವಿನ್, ಫ್ಲೆಗ್ಮ್ಯಾಟಿಕ್, ಕಾಲರಿಕ್, ಮೆಲಂಕಲಿಕ್ ಎಂಬ ನಾಲ್ಕು ಪದಗಳೂ ಕೊಟ್ಟಿಗೆಪಾಳ್ಯದಲ್ಲಿ ಇವತ್ತಿಗೂ ಚೀಟಿಯ ಮೇಲೆ ಬರೆಯುವ ದಮವಿ, ಬಲ್ಗಮಿ, ಸಫ್ರಾವಿ, ಸೌದಾವಿಗಳೇ. ಉರ್ದು ವಿಭಾಗದ ಗೆಳತಿಯೊಬ್ಬಳು ಕೂಡಲೇ ಹೇಳಿದಳು, ಮಿರ್ಜಾ ರಫೀ ‘ಸೌದಾ’ ಎಂಬ 18ನೇ ಶತಮಾನದ ಕವಿಯ ಕಾವ್ಯನಾಮ ಕೂಡ ಇದೇ ಪದ ಅಂತ. ಇಂಗ್ಲಿಷ್‌ನವರು ಮೆಲಂಕಲಿ ಎಂದು ಕೊರಗಿದರೆ ನಮ್ಮವರು ಅದನ್ನೇ ಹೆಸರಾಗಿ ಇಟ್ಟುಕೊಂಡರು.

ಇದಾದ ಮೇಲೆ ನನಗೆ ಹುಡುಕುವ ಚಟ ಹತ್ತಿತು. ವಿಲಿಯಂ ಬೆಕ್‌ಫರ್ಡ್ ಫ್ರೆಂಚಿನಲ್ಲಿ ಬರೆದ ‘ವಾಥೆಕ್’ ಎಂಬ ಕಾದಂಬರಿ 1786ರಲ್ಲಿ ಇಂಗ್ಲಿಷಿಗೆ ಬಂತು. ವಾಥೆಕ್ ಎಂದರೆ ಅಬ್ಬಾಸಿ ಖಲೀಫ ಅಲ್-ವಾಸಿಕ್. ಕಥೆಗೂ ಇತಿಹಾಸದ ಖಲೀಫನಿಗೂ ಹೆಸರೊಂದು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ, ಬೆಕ್‌ಫರ್ಡ್ ಮನಸ್ಸಿಗೆ ಬಂದಂತೆ ಬರೆದಿದ್ದಾನೆ. ಆದರೆ ಗೋರಿ ಅಗೆದು ಹೆಣ ತಿನ್ನುವ ‘ಗೂಲ್’ ಇಂಗ್ಲಿಷಿನಲ್ಲಿ ನೆಲೆಯೂರಿದ್ದು ಇಂಥ ಪುಸ್ತಕಗಳಿಂದ. ಅದು ಅರಬ್ಬಿಯ ಘೂಲ್. ನಮ್ಮ ದಾಸ್ತಾನ್‌ಗಳ ಗೂಲ್-ಎ-ಬಯಾಬಾನಿ, ಕಾಡಿನಲ್ಲಿ ದಾರಿ ತಪ್ಪಿಸುವ ಭೂತ. ವಿಜ್ಞಾನ ವಿಭಾಗದವರಿಗೆ ಒಂದು ಮಾತು: ಪರ್ಸಿಯಸ್ ನಕ್ಷತ್ರಪುಂಜದ ಅಲ್ಗಾಲ್ ಎಂಬ ನಕ್ಷತ್ರದ ಹೆಸರು ರಾಸ್ ಅಲ್-ಘೂಲ್, ಅಂದರೆ ಘೂಲಿನ ತಲೆ, ಎಂಬುದರಿಂದ ಬಂದದ್ದು. ಸುಮಾರು 2 ದಿನ 21 ಗಂಟೆಗೊಮ್ಮೆ ಅದು ಮಂಕಾಗಿ ಮತ್ತೆ ಬೆಳಗುತ್ತದೆ, ಕಣ್ಣು ಮಿಟುಕಿಸಿದ ಹಾಗೆ.

ಎಲ್ಲ ಪದಕ್ಕೂ ಮನೆಯಲ್ಲೇ ಜೋಡಿ ಸಿಗುತ್ತದೆ ಎಂದು ತಿಳಿಯಬೇಡಿ. ಆನ್ ರಾಡ್‌ಕ್ಲಿಫ್ ಎಂಬ ಲೇಖಕಿ ಟೆರರ್ ಬೇರೆ, ಹಾರರ್ ಬೇರೆ ಎನ್ನುತ್ತಾಳೆ. ಅವಳು ತೀರಿಕೊಂಡ ಮೇಲೆ 1826ರಲ್ಲಿ ಪ್ರಕಟವಾದ ಲೇಖನದಲ್ಲಿ ಈ ಚರ್ಚೆ ಇದೆ. ಟೆರರ್ ಮನಸ್ಸನ್ನು ಎಚ್ಚರಿಸಿ ಹಿಗ್ಗಿಸುತ್ತದಂತೆ, ಹಾರರ್ ಹೆಪ್ಪುಗಟ್ಟಿಸುತ್ತದಂತೆ. ಕನ್ನಡ ಸರ್ ಹತ್ತಿರ ಕೇಳಿದೆ. ನವರಸದಲ್ಲಿ ಭಯಾನಕ ಒಂದು, ಬೀಭತ್ಸ ಇನ್ನೊಂದು, ಇಟ್ಟು ನೋಡು ಎಂದರು. ಇಟ್ಟು ನೋಡಿದೆ. ಭಯಾನಕ ಹೇಗೋ ಹೊಂದುತ್ತದೆ. ಬೀಭತ್ಸದಲ್ಲಿ ಹೇಸಿಗೆ ಹೆಚ್ಚು, ಹಾರರ್‌ನಲ್ಲಿ ಹೇಸಿಗೆಯಿಲ್ಲದೆಯೂ ಮೈ ಮರಗಟ್ಟಬಹುದು. ಕಾಲಂನಲ್ಲಿ ಬೀಭತ್ಸ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಈಗ ನಿಜವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಫ್ರಾಂಕೆನ್‌ಸ್ಟೈನಿನ ಆ ಜೀವಿ ಸಿನಿಮಾದಲ್ಲಿ ಗುರ್ ಎನ್ನುವ ದೈತ್ಯ. ಪುಸ್ತಕದಲ್ಲಿ ಅವನು ಪದ ಕಲಿಯುವ ವಿದ್ಯಾರ್ಥಿ. ಒಂದು ಬಡ ಕುಟುಂಬದ ಮನೆಗೆ ಅಂಟಿಕೊಂಡ ಗುಡಿಸಲಿನಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಅವರ ಮಾತು ಕೇಳಿ ಕಲಿಯುತ್ತಾನೆ. ಮೊದಲು ಅರ್ಥವಾಗುವುದು ಬೆಂಕಿ, ಹಾಲು, ಬ್ರೆಡ್, ಸೌದೆ. ಆಮೇಲೆ ಅಪ್ಪ, ತಂಗಿ, ಮಗ ಎಂಬ ಸಂಬಂಧದ ಪದಗಳು. ಒಳ್ಳೆಯದು, ಪ್ರೀತಿಯ, ದುಃಖಿ ಎಂಬಂಥ ಪದಗಳು ಕಿವಿಗೆ ಬೀಳುತ್ತವೆ, ಅರ್ಥ ಸಿಗುವುದಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪಿಯುಸಿಯ ಮೊದಲ ತಿಂಗಳುಗಳಲ್ಲಿ ಇಂಗ್ಲಿಷ್ ಮೀಡಿಯಂ ಗೆಳತಿಯರು ಕ್ಯಾಂಟೀನಿನಲ್ಲಿ ನಗುತ್ತ ಮಾತನಾಡುವಾಗ ನಾನು ಕೇಳಿಸಿಕೊಳ್ಳುತ್ತಿದ್ದದ್ದು ಹೀಗೆಯೇ. ವಸ್ತುಗಳ ಹೆಸರು ತಿಳಿಯುತ್ತಿತ್ತು, ಜೋಕು ತಿಳಿಯುತ್ತಿರಲಿಲ್ಲ. ಇದನ್ನು ಬರೆದ ಮೇರಿಗೆ ಆಗ ವಯಸ್ಸು 18. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಅದರ ಪರಿಣಾಮವಾಗಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ಬಳಿ ಮಳೆಯಿಂದ ಮನೆಯೊಳಗೇ ಕೂತವರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿಕೊಂಡಾಗ ಹುಟ್ಟಿದ ಕಥೆ ಇದು. ಪುಸ್ತಕ 1818ರ ಜನವರಿ 1ರಂದು ಬಂತು, ಮುಖಪುಟದಲ್ಲಿ ಅವಳ ಹೆಸರಿರಲಿಲ್ಲ.

ಆ ಜೀವಿಯ ಜೊತೆಗೆ ಇನ್ನೊಬ್ಬ ವಿದ್ಯಾರ್ಥಿನಿ ಇದ್ದಾಳೆ. ಸಾಫಿ. ತುರ್ಕಿ ವ್ಯಾಪಾರಿಯೊಬ್ಬನ ಮಗಳು. ಆ ಮನೆಯ ಮಗ ಫೆಲಿಕ್ಸ್ ಅವಳಿಗೆ ಫ್ರೆಂಚ್ ಕಲಿಸುತ್ತಾನೆ, ಬಿರುಕಿನಾಚೆ ಕೂತ ಜೀವಿ ಅದನ್ನೇ ಕಲಿಯುತ್ತಾನೆ. ಮುಸ್ಲಿಂ ಮನೆಯ ಹುಡುಗಿಯೊಬ್ಬಳು ಈ ಪುಸ್ತಕದಲ್ಲಿ ಸಿಗುತ್ತಾಳೆಂದು ನಾನು ಎಣಿಸಿರಲಿಲ್ಲ. ತುಂಬ ಖುಷಿಯಾಯಿತು. ಎರಡು ಪುಟ ಆದ ಮೇಲೆ ಖುಷಿ ಇಳಿಯಿತು. ಸಾಫಿಯ ಕ್ರೈಸ್ತ ತಾಯಿ ಮಗಳಿಗೆ ಬುದ್ಧಿಯ ಆಸೆಯನ್ನೂ ಸ್ವತಂತ್ರ ಮನಸ್ಸನ್ನೂ ಕಲಿಸಿದಳು, ಅವು ಮುಸ್ಲಿಂ ಹೆಂಗಸರಿಗೆ ನಿಷಿದ್ಧವಾಗಿದ್ದವು ಎಂದು ಅಲ್ಲಿದೆ. ಅರ್ಥ ತಪ್ಪಾಗಿರಬಹುದೆಂದು ಎಲ್ಲ ಪದಗಳನ್ನೂ ಮತ್ತೊಮ್ಮೆ ನಿಘಂಟಿನಲ್ಲಿ ನೋಡಿದೆ. ಅರ್ಥ ಸರಿಯಾಗಿಯೇ ಇತ್ತು.

ಪುಸ್ತಕ ವಾಪಸ್ ಕೊಟ್ಟು ಬೇರೆ ತೆಗೆದುಕೊಳ್ಳಲೇ ಎಂದು ಮೇಡಂ ಬಳಿ ಹೋದೆ. ‘ಕೋಪ ಬಂದಿದೆಯಾ? ಒಳ್ಳೆಯದು. ಅದನ್ನೇ ಹೇಳು. ಆದರೆ ಇಂಗ್ಲಿಷಿನಲ್ಲಿ ಹೇಳು’ ಎಂದರು. ಆಗ ನನಗೆ ಬೇಕಾದದ್ದು ಗಾಥಿಕ್ ಪದಗಳಲ್ಲ, ಪೂರ್ವಗ್ರಹ, ಕೇಳಿಕೆಯ ಮಾತು, ಪುರಾವೆ ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು. ನೋಟ್‌ಬುಕ್ಕಿನಲ್ಲಿ ಮೊದಲ ಬಾರಿಗೆ ಕಾಲಂ ಬಲದಿಂದ ಎಡಕ್ಕೆ ತುಂಬಿತು. ಉರ್ದುವಿನಲ್ಲಿ ಯೋಚಿಸಿದ್ದು ಕನ್ನಡಕ್ಕೆ, ಅಲ್ಲಿಂದ ಇಂಗ್ಲಿಷಿಗೆ. ಮೇರಿ ಶೆಲ್ಲಿಯ ಮೇಲೆ ನನಗೆ ಈಗಲೂ ಪೂರ್ತಿ ಕೋಪವಿಲ್ಲ. ಹೆಸರಿಲ್ಲದ ಜೀವಿಯ ನೋವು ಗೊತ್ತಿದ್ದ ಅವಳಿಗೆ ನಮ್ಮ ಮನೆಗಳ ಬಾಗಿಲು ಮಾತ್ರ ತೆರೆದಿರಲಿಲ್ಲ. ಅಲ್ಲಿ ಅವಳು ಕೇಳಿಕೆಯ ಮೇಲೆ ಬರೆದಳು.

ನನ್ನ ಹತ್ತು ನಿಮಿಷ ಹೇಗಾಯಿತು ಎಂದರೆ, ಏಳು ನಿಮಿಷಕ್ಕೆ ಮುಗಿಯಿತು. ಪಾಪ, ಪಾಪಿ, ಕಂಬಖ್ತ್ ಎಂದಾಗ ಕ್ಲಾಸು ನಕ್ಕಿತು, ನನ್ನನ್ನು ನೋಡಿ ನಕ್ಕ ನಗೆಯಲ್ಲ ಅದು. ಸಾಫಿಯ ಭಾಗಕ್ಕೆ ಬಂದಾಗ ಸದ್ದಿರಲಿಲ್ಲ. ಆಮೇಲೆ ಮೊದಲ ಬೆಂಚಿನ ಒಬ್ಬಳು ಎದ್ದು, ತಾನು ಆ ಪುಟ ಓದಿದ್ದೆ, ತನಗೆ ಅದು ಚುಚ್ಚಲೇ ಇಲ್ಲ, ಯಾಕೆ ಚುಚ್ಚಲಿಲ್ಲ ಎಂದು ಈಗ ಯೋಚಿಸುತ್ತಿದ್ದೇನೆ ಎಂದಳು. ಅವಳಿಗೆ ಪದಗಳು ಎಷ್ಟು ಸುಲಭವಾಗಿದ್ದವೆಂದರೆ ಕಣ್ಣು ನಿಲ್ಲದೆ ಜಾರಿಹೋಗಿತ್ತಂತೆ. ನಿಧಾನವಾಗಿ ಓದುವವರಿಗೂ ಒಂದು ಲಾಭ ಇದೆ ಎಂದು ನನಗೆ ತಿಳಿದದ್ದು ಅವಳಿಂದ.

ಈಗ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಓದುತ್ತಿದ್ದೇನೆ, 1897ರದ್ದು. ಇದನ್ನು ಯಾರೂ ಕೊಟ್ಟ ಕೆಲಸವಲ್ಲ. ಇದರಲ್ಲಂತೂ ಎಲ್ಲರೂ ನಿಘಂಟು ಹಿಡಿದವರೇ. ಟ್ರಾನ್ಸಿಲ್ವೇನಿಯಾಕ್ಕೆ ಹೋದ ಇಂಗ್ಲಿಷ್ ವಕೀಲ ಜೋನಾಥನ್ ಹಾರ್ಕರ್, ಗಾಡಿಯ ಸುತ್ತ ನಿಂತ ಜನ ತನ್ನನ್ನು ನೋಡಿ ಪಿಸುಗುಟ್ಟುವ ಪದಗಳನ್ನು ಕೇಳಿ, ಚೀಲದಿಂದ ನಿಘಂಟು ತೆಗೆದು ನೋಡುತ್ತಾನೆ: ಒಂದಕ್ಕೆ ಸೈತಾನ, ಇನ್ನೊಂದಕ್ಕೆ ನರಕ, ಮತ್ತೊಂದಕ್ಕೆ ಮಾಟಗಾತಿ. ಮಾತು ಅರ್ಥವಾಗದಿದ್ದಾಗ ಇಂಗ್ಲಿಷರೂ ನಮ್ಮ ಹಾಗೆಯೇ. ದಾರಿಯಲ್ಲಿ ಕತ್ತಲೆಯೊಳಗೆ ನೀಲಿ ಜ್ವಾಲೆಗಳು ಕಾಣುತ್ತವೆ, ಅದಕ್ಕೆ ನಾನು ತಡಮಾಡದೆ ಕೊಳ್ಳಿದೆವ್ವ ಎಂದು ಬರೆದುಕೊಂಡೆ. ಕೋಟೆ ತಲುಪಿದರೆ ಅಲ್ಲಿ ಒಂದು ಲೈಬ್ರರಿ ತುಂಬ ಇಂಗ್ಲಿಷ್ ಪುಸ್ತಕ. ಡ್ರಾಕುಲಾ ಇಂಗ್ಲಿಷ್ ಕಲಿತದ್ದು ಬರೀ ಪುಸ್ತಕಗಳಿಂದ. ವ್ಯಾಕರಣ ಗೊತ್ತು, ಪದ ಗೊತ್ತು, ಮಾತನಾಡಲು ಮಾತ್ರ ಅಂಜಿಕೆ. ಲಂಡನ್ನಿನ ಬೀದಿಯಲ್ಲಿ ತಾನು ಬಾಯಿ ತೆರೆದ ಕೂಡಲೇ ಇವನು ಹೊರಗಿನವನು ಎಂದು ಯಾರೂ ತಿರುಗಿ ನೋಡಬಾರದು ಎನ್ನುವುದು ಅವನ ಚಿಂತೆ. ಅದಕ್ಕೇ ಹಾರ್ಕರ್‌ನನ್ನು ಉಳಿಸಿಕೊಂಡು, ಮಾತಿನಲ್ಲಿ ತಪ್ಪಿದ್ದರೆ ತಿದ್ದು ಎನ್ನುತ್ತಾನೆ. ನಾನೂರು ವರ್ಷದ ಹಿಂದಿನ ಯುದ್ಧಗಳನ್ನು ಕಣ್ಣಾರೆ ಕಂಡವನಂತೆ ಹೇಳುವವನಿಗೂ ಈ ಭಯ! ಅವನನ್ನು ಸೋಲಿಸಲು ಬರುವ ಪ್ರೊಫೆಸರ್ ವಾನ್ ಹೆಲ್ಸಿಂಗ್ ಡಚ್ಚಿನವನು. ಅವನ ಇಂಗ್ಲಿಷ್ ವ್ಯಾಕರಣ ಮೊದಲಿನಿಂದಲೂ ಮುರುಕಲು, ಆದರೂ ಕೋಣೆಯಲ್ಲಿದ್ದವರೆಲ್ಲ ಅವನ ಮಾತನ್ನೇ ಕೇಳುತ್ತಾರೆ.

ಅಬ್ಬಾಗೆ ನಾನು ಬಿ.ಕಾಂ. ಮಾಡಬೇಕೆಂದು ಆಸೆ. ‘ಇಂಗ್ಲಿಷ್ ಸಾಹಿತ್ಯ ಓದಿ ಏನು ಮಾಡ್ತೀಯ ಬೇಟಾ?’ ಎಂದು ಕೇಳಿದರು, ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಲು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ನೋಟ್‌ಬುಕ್ ತೋರಿಸಿದೆ. ಅಬ್ಬಾ ಉರ್ದು ಕಾಲಂ ಮಾತ್ರ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿ, ಒಂದು ಕಡೆ ನುಕ್ತೆ ಬಿಟ್ಟಿದೆ ಎಂದು ತಿದ್ದಿದರು. ಆ ಮಾತು ಅಲ್ಲಿಗೇ ನಿಂತಿದೆ. ಅರ್ಜಿ ಹಾಕಲು ಇನ್ನೂ ಸಮಯವಿದೆ.

ನೋಟ್‌ಬುಕ್ಕಿನಲ್ಲಿ ಈಗ 214 ಪದಗಳಿವೆ. ಕನ್ನಡದ ಕಾಲಂ ಖಾಲಿ ಇರುವುದು ಹನ್ನೊಂದಕ್ಕೆ. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಅನ್‌ಕ್ಯಾನಿ’. ದಿನಾ ಮಲಗುವ ಕೋಣೆಯೇ ಒಂದು ರಾತ್ರಿ ಬೇರೆ ಯಾರದೋ ಕೋಣೆಯಂತೆ ಕಂಡರೆ ಆಗುವ ಅನುಭವ ಅದು. ವಿಚಿತ್ರ ಎಂದರೆ ಸಾಲದು, ಭಯಂಕರ ಎಂದರೆ ಹೆಚ್ಚಾಯಿತು. ‘ಯಾಕೋ ಒಂಥರಾ’ ಎನ್ನುತ್ತೇವಲ್ಲ, ಅದು ಹತ್ತಿರ ಇದೆ, ಆದರೆ ಹಾಗೆ ಬರೆದರೆ ಕನ್ನಡ ಸರ್ ಒಪ್ಪುವರೋ ಇಲ್ಲವೋ. ನಿಮ್ಮ ಮನೆಯಲ್ಲಿ ಇದಕ್ಕೆ ಏನಾದರೂ ಪದ ಇದ್ದರೆ, ಕನ್ನಡವೋ ದಖನಿಯೋ ಬ್ಯಾರಿಯೋ ತಮಿಳೋ ಯಾವುದಾದರೂ ಸರಿ, ಒಂದು ಚೀಟಿಯಲ್ಲಿ ಬರೆದು ಲೈಬ್ರರಿ ಕೌಂಟರಿನಲ್ಲಿ ಕೊಡಿ. ಡ್ರಾಕುಲಾ ಇನ್ನೂ 90 ಪುಟ ಬಾಕಿಯಿದೆ, ಸೋಮವಾರದವರೆಗೆ ನಾನು ಅಲ್ಲೇ ಕಿಟಕಿಯ ಪಕ್ಕದ ಮೇಜಿನಲ್ಲಿ ಸಿಗುತ್ತೇನೆ.